ರಸ್ತೆ ಧೂಳಿನ ಸೀಸ ಮತ್ತು ಮಕ್ಕಳ ಆರೋಗ್ಯ

ನಗರದ ರಸ್ತೆ ಧೂಳಿನಲ್ಲಿ ಟೈರು ಸವೆದು ಉದುರಿದ ಸತು, ಬ್ರೇಕಿನಿಂದ ಬಂದ ತಾಮ್ರ, ಜೊತೆಗೆ ಕ್ಯಾಡ್ಮಿಯಂ, ಸೀಸ ಇರುತ್ತವೆ. ಇವುಗಳಲ್ಲಿ ಮಕ್ಕಳಿಗೆ ಅತಿ ಹೆಚ್ಚು ಕೇಡು ಮಾಡಿರುವುದು ಸೀಸ. ನುಂಗಿದ ಸೀಸವನ್ನು ಮಗುವಿನ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಕಬ್ಬಿಣ, ಸುಣ್ಣದ ಅಂಶ ಕಡಿಮೆಯಿರುವ ಮಕ್ಕಳಲ್ಲಿ ಇನ್ನೂ ಹೆಚ್ಚು.

ಅನುಮಾನ ಮೊದಲು ಬಿದ್ದದ್ದು ರಸ್ತೆಯ ಮೇಲಲ್ಲ, ಮನೆಯ ವರಾಂಡದ ಮೇಲೆ. ಕಟಕಟೆಗೆ ಬಳಿದ ಸೀಸದ ಬಣ್ಣ ಪುಡಿಯಾಗಿ, ಬೆರಳು ಚೀಪುವ, ಉಗುರು ಕಚ್ಚುವ ಮಕ್ಕಳ ಹೊಟ್ಟೆ ಸೇರುತ್ತದೆಂದು ಆಸ್ಟ್ರೇಲಿಯದ ಬ್ರಿಸ್ಬೇನ್‌ನ ಕಣ್ಣಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ 1904ರಲ್ಲೇ ಹೇಳಿದ್ದರು. ಆದರೂ 1923ರಲ್ಲಿ ಅಮೆರಿಕದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ ಬಂತು. ಮರುವರ್ಷ ನ್ಯೂಜೆರ್ಸಿಯ ಬೇವೇ ಘಟಕದಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಮಿಕರು ಬುದ್ಧಿಭ್ರಮಣೆಗೊಂಡು ಸತ್ತರು. ವೈದ್ಯೆ ಆಲಿಸ್ ಹ್ಯಾಮಿಲ್ಟನ್, ಶರೀರಶಾಸ್ತ್ರಜ್ಞ ಯಾಂಡೆಲ್ ಹೆಂಡರ್ಸನ್ ಈ ಪೆಟ್ರೋಲಿನ ಅಪಾಯದ ಬಗ್ಗೆ 1925ರಲ್ಲಿ ಎಚ್ಚರಿಸಿದರು. ಸರ್ಕಾರ ನೇಮಿಸಿದ ಸಮಿತಿಗೆ ಮಾತ್ರ ನಿಷೇಧಿಸಲು ಸಾಕಷ್ಟು ಕಾರಣ ಕಾಣಲಿಲ್ಲ! ಮುಂದಿನ ಅರ್ಧ ಶತಮಾನ ವಾಹನಗಳ ಹೊಗೆಯಲ್ಲಿದ್ದ ಸೀಸ ರಸ್ತೆಬದಿಯ ಮಣ್ಣಿಗೆ ಇಳಿಯುತ್ತಲೇ ಹೋಯಿತು.

ಮ್ಯಾಸಚೂಸೆಟ್ಸ್‌ನ ಶಾಲಾಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಪರೀಕ್ಷಿಸಿದ ಹರ್ಬರ್ಟ್ ನೀಡಲ್‌ಮನ್, ಹಲ್ಲಿನಲ್ಲಿ ಸೀಸ ಹೆಚ್ಚಿದ್ದ ಮಕ್ಕಳು ಬುದ್ಧಿಮತ್ತೆಯಲ್ಲೂ ಗಮನ ಕೊಡುವುದರಲ್ಲೂ ಹಿಂದಿದ್ದಾರೆಂದು 1979ರಲ್ಲಿ ಪ್ರಕಟಿಸಿದರು. ಹೊರನೋಟಕ್ಕೆ ಆ ಮಕ್ಕಳಿಗೆ ಯಾವ ಕಾಯಿಲೆಯೂ ಇರಲಿಲ್ಲ. 1983ರಲ್ಲಿ ಹೊವರ್ಡ್ ಮೀಲ್ಕೆ ತಂಡ ಬಾಲ್ಟಿಮೋರ್‌ನ ಕೈತೋಟಗಳ ಮಣ್ಣನ್ನು ಅಳೆದಾಗ ಸೀಸ ನಗರದ ನಡುಭಾಗದಲ್ಲೇ ಗುಡ್ಡೆಬಿದ್ದಿತ್ತು. ಅಲ್ಲಿನ ಮನೆಗಳು ಹೆಚ್ಚಾಗಿ ಬಣ್ಣ ಬಳಿಯದ ಇಟ್ಟಿಗೆಯವು. ಹಾಗಾಗಿ ತಪ್ಪನ್ನೆಲ್ಲ ಗೋಡೆಯ ಬಣ್ಣದ ಮೇಲೆ ಹೊರಿಸುವುದು ಕಷ್ಟವಾಯಿತು. ಈ ನಡುವೆ ಅಮೆರಿಕ ಮಕ್ಕಳ ರಕ್ತದಲ್ಲಿನ ಸೀಸಕ್ಕೆ ಇಟ್ಟ ಎಚ್ಚರಿಕೆಯ ಮಟ್ಟವನ್ನು ಇಳಿಸುತ್ತಲೇ ಬಂತು: 1960ರ ದಶಕದಲ್ಲಿ ಡೆಸಿಲೀಟರ್ ರಕ್ತಕ್ಕೆ 60 ಮೈಕ್ರೋಗ್ರಾಂ, 1991ರಲ್ಲಿ 10, 2021ರಲ್ಲಿ 3.5.

ಭಾರತದಲ್ಲಿ ಈ ಚರ್ಚೆಗೆ ಬೆಂಗಳೂರೇ ವೇದಿಕೆಯಾಯಿತು. ಜಾರ್ಜ್ ಫೌಂಡೇಶನ್ ಸಂಸ್ಥೆ ದೊಡ್ಡ ನಗರಗಳಲ್ಲಿ ನಡೆಸಿದ ರಕ್ತಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ 10 ಮೈಕ್ರೋಗ್ರಾಂ ಮೀರಿತ್ತು; 1999ರಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತುಪ್ಪಿಲ್ ವೆಂಕಟೇಶ್ ಈ ಕೆಲಸದ ಮುಂದಾಳಾಗಿದ್ದರು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಜಾರಿಯಾಯಿತು. ಜಗತ್ತಿನಲ್ಲಿ ಕೊನೆಯದಾಗಿ 2021ರಲ್ಲಿ ಅಲ್ಜೀರಿಯ ಕಾರುಗಳಿಗೆ ಸೀಸದ ಪೆಟ್ರೋಲ್ ಮಾರುವುದನ್ನು ನಿಲ್ಲಿಸಿತು.

ಆದರೆ ಮಣ್ಣು ಸೇರಿದ ಸೀಸ ಉಳಿದೇ ಇದೆ; ಅದು ಕೊಳೆಯುವ ವಸ್ತುವಲ್ಲ. ಒಣ ಪೊರಕೆ, ವಾಹನಗಳ ಗಾಳಿ ಅದನ್ನು ಮತ್ತೆ ಎಬ್ಬಿಸುತ್ತವೆ. ಹಳೆ ಬ್ಯಾಟರಿ ಕರಗಿಸುವ ಕುಲುಮೆಗಳು ಹೊಸದನ್ನು ಸೇರಿಸುತ್ತವೆ. ಬ್ರಿಟನ್ನಿನಲ್ಲಿ ಸೀಸದ ಪೆಟ್ರೋಲ್ ನಿಂತು ಇಪ್ಪತ್ತು ವರ್ಷ ಕಳೆದ ಮೇಲೂ ಲಂಡನ್ ಗಾಳಿಯ ಕಣಗಳಲ್ಲಿದ್ದ ಸೀಸದಲ್ಲಿ ಶೇ. 40ರವರೆಗಿನ ಪಾಲು ಆ ಪೆಟ್ರೋಲಿನದೇ ಎಂದು 2021ರ ಅಧ್ಯಯನವೊಂದು ಲೆಕ್ಕ ಹಾಕಿತು.