ಕ್ಯಾಸನೂರಿನಿಂದ ಜಿದ್ದಾದವರೆಗೆ: ಒಂದು ವೈರಾಣುವಿನ ಜಾಡು

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸೌದೆಗೆಂದೋ ದನ ಮೇಯಿಸಲೆಂದೋ ಕಾಡಿಗೆ ಹೋದವರು ಜ್ವರ ಬಂದು ಮಲಗಿದರು. ಮಂಗಗಳೂ ಸಾಯುತ್ತಿದ್ದುದರಿಂದ ಪುಣೆಯ ವೈರಾಣು ಸಂಶೋಧನಾ ಕೇಂದ್ರದ ತಜ್ಞರಿಗೆ ಮೊದಲು ಬಂದ ಸಂಶಯ ಹಳದಿ ಜ್ವರದ್ದು. ಸಿಕ್ಕಿದ್ದು ಬೇರೆಯೇ: ಉಣ್ಣಿಗಳಿಂದ ಹರಡುವ, ರಷ್ಯಾದ ಮಿದುಳು ಜ್ವರದ ವೈರಾಣುವಿನ ಬಳಗಕ್ಕೆ ಸೇರಿದ ಹೊಸ ವೈರಾಣು. ಸೈಬೀರಿಯದ ವಲಸೆ ಹಕ್ಕಿಗಳು ಇದನ್ನು ಹೊತ್ತು ತಂದವೇ ಎಂಬ ಪ್ರಶ್ನೆಯೆದ್ದಿತು. ಪಕ್ಷಿತಜ್ಞ ಸಾಲಿಂ ಅಲಿಯವರ ವಲಸೆ ಅಧ್ಯಯನಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ದೊರೆತದ್ದು ಈ ಸಂಶಯದ ದೆಸೆಯಿಂದಲೇ. ಆದರೆ ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ.

1990ರ ದಶಕದ ಮಧ್ಯದಲ್ಲಿ ಜಿದ್ದಾದಲ್ಲಿ ಕುರಿ ಕೊಯ್ಯುವ ಕೆಲಸದವರಿಗೆ ರಕ್ತಸ್ರಾವದ ಜ್ವರ ಬಂತು. ಅಲ್ಲಿ ಸಿಕ್ಕ ವೈರಾಣು ನಮ್ಮ ಮಂಗನ ಕಾಯಿಲೆಯದರ ಅತಿ ಹತ್ತಿರದ ನೆಂಟ. ಜಿದ್ದಾದ ದಕ್ಷಿಣದ ಅಲ್ ಖುಮ್ರಾ ಎಂಬ ಊರಿನ ಹೆಸರು ಕಾಗುಣಿತ ತಪ್ಪಿ 'ಅಲ್ ಖುರ್ಮಾ' ಎಂದಾಗಿ, ಬೇರೊಂದು ಪಟ್ಟಣದ ಹೆಸರಿನಿಂದ ರೋಗ ಲೋಕಪ್ರಸಿದ್ಧವಾಯಿತು!

ಎರಡರ ಆನುವಂಶಿಕ ಅಕ್ಷರಗಳು ಹತ್ತು ಸಾವಿರಕ್ಕೂ ಹೆಚ್ಚು. ವ್ಯತ್ಯಾಸ ನೂರಕ್ಕೆ ಸುಮಾರು 8 ಮಾತ್ರ. ಇವು ಕಳೆದ ಶತಮಾನದಲ್ಲಷ್ಟೇ ಅಗಲಿದವೆಂದು ಮೊದಲು ಲೆಕ್ಕ ಹಾಕಲಾಗಿತ್ತು. 2011ರಲ್ಲಿ ಪೂರ್ಣ ಜೀನೋಮುಗಳನ್ನು ಹೋಲಿಸಿದವರು ಅದನ್ನು ಕೆಲವು ನೂರು ವರ್ಷಗಳ ಹಿಂದಕ್ಕೆ ತಳ್ಳಿದರು. ಅರಬ್ಬರ ಹಾಯಿಹಡಗುಗಳು ನೆನಪಾಗುವುದು ಸಹಜ. ಆದರೆ ನೆನಪು ಸಾಕ್ಷ್ಯವಲ್ಲ.

ಆನುವಂಶಿಕ ಬದಲಾವಣೆ ವೈರಾಣುವಿನ ಉಗ್ರತೆಯನ್ನು ಬದಲಿಸಬಲ್ಲುದೆ? ಬಲ್ಲುದು. ಇದೇ ಬಳಗದ ರಷ್ಯಾದ ವೈರಾಣುವನ್ನು ಉಣ್ಣಿಗಳಲ್ಲೇ ಮತ್ತೆ ಮತ್ತೆ ಬೆಳೆಸಿದಾಗ ಹೊರಕವಚದ ಪ್ರೋಟೀನಿನ 122ನೆಯ ಸ್ಥಾನದ ಒಂದೇ ಅಮೈನೋ ಆಮ್ಲ ಬದಲಾಯಿತು. ಅಂಥ ವೈರಾಣು ಇಲಿಗಳಿಗೆ ಅಷ್ಟಾಗಿ ಮಾರಕವಾಗಿರಲಿಲ್ಲ. ಮತ್ತೆ ಇಲಿಗಳಲ್ಲಿ ಬೆಳೆಸಿದಾಗ ಹಳೆಯ ಉಗ್ರತೆ ಮರಳಿತು. ಈ ಪ್ರಯೋಗದ ವರದಿ ಬಂದದ್ದು 2007ರಲ್ಲಿ. ಉಣ್ಣಿಯ ಮೈಯೂ ಸಸ್ತನಿಯ ಮೈಯೂ ವೈರಾಣುವನ್ನು ಬೇರೆ ಬೇರೆ ಕಡೆಗೆ ಎಳೆಯುತ್ತವೆ.

ಆದರೆ ಎಲ್ಲವನ್ನೂ ಜೀನುಗಳ ತಲೆಗೆ ಕಟ್ಟುವುದು ಸರಿಯಲ್ಲ. ಸೌದಿಯ ರೋಗದಲ್ಲಿ ನಾಲ್ವರಲ್ಲಿ ಒಬ್ಬರು ಸಾಯುತ್ತಾರೆಂದು ಆರಂಭದಲ್ಲಿ ಬರೆಯಲಾಯಿತು; ನಮ್ಮಲ್ಲಿ ಆ ಪ್ರಮಾಣ ನೂರಕ್ಕೆ 3ರಿಂದ 5. ಮುಂದೆ ನಜ್ರಾನಿನಲ್ಲಿ ಹುಡುಕಿದಾಗ ಸಣ್ಣ ಜ್ವರದಲ್ಲೇ ಗುಣವಾದವರೂ, ರೋಗಲಕ್ಷಣವೇ ಕಾಣದವರೂ ಸಿಕ್ಕರು. ಮೊದಲು ಲೆಕ್ಕಕ್ಕೆ ಬಂದವರು ಆಸ್ಪತ್ರೆ ಸೇರುವಷ್ಟು ಕಾಯಿಲೆಯಾದವರು ಮಾತ್ರ. ಇತ್ತ ಮಲೆನಾಡಿನಲ್ಲಿ ಅದೇ ವೈರಾಣು ಕಾಡಿಲಿಗಳ ರಕ್ತದಲ್ಲಿ ಸದ್ದಿಲ್ಲದೆ ಇರುತ್ತದೆ; ಮುಸಿಯನನ್ನು ಮರದಿಂದ ಕೆಡವುತ್ತದೆ.