ಫೆಬ್ರುವರಿ 29

ಗ್ರೆಗೋರಿಯನ್ ಕ್ಯಾಲೆಂಡರಿನಲ್ಲಿ ಅಧಿಕ ವರ್ಷಗಳಲ್ಲಿ ಮಾತ್ರ ಬರುವ ದಿನ. ಆ ವರ್ಷದ 60ನೆಯ ದಿನ. 400 ವರ್ಷಗಳ ಒಂದು ಆವರ್ತದಲ್ಲಿ ಇದು 97 ಸಲ ಬರುತ್ತದೆ. ಬೇರೆ ದಿನಗಳಿಗೆ ಹೋಲಿಸಿದರೆ ಇದರ ಪಾಲಿಗೆ ಬಂದ ಚರಿತ್ರೆ ಕಾಲು ಭಾಗವೂ ಅಲ್ಲ. ಆದರೂ ಸ್ವತಂತ್ರ ಭಾರತದ ಇಬ್ಬರು ಗಣ್ಯರು, ಮೊರಾರ್ಜಿ ದೇಸಾಯಿ ಮತ್ತು ರುಕ್ಮಿಣಿದೇವಿ ಅರುಂಡೇಲ್, ಹುಟ್ಟಿದ್ದು ಇದೇ ದಿನ. ಭಾರತೀಯರ ಮಟ್ಟಿಗೆ ಈ ದಿನ ನೆನಪಿಡತಕ್ಕದ್ದಾಗಿರುವುದು ಮುಖ್ಯವಾಗಿ ಅವರಿಬ್ಬರಿಂದ.

ಋತುಗಳ ಲೆಕ್ಕದಲ್ಲಿ ಒಂದು ವರ್ಷವೆಂದರೆ ಸುಮಾರು 365 ದಿನ, 5 ಗಂಟೆ, 48 ನಿಮಿಷ, 45 ಸೆಕೆಂಡು. ಈ ಹೆಚ್ಚುವರಿ ಗಂಟೆಗಳನ್ನು ಎಲ್ಲಿ ಸೇರಿಸಬೇಕೆಂಬುದೇ ಫೆಬ್ರುವರಿ 29ರ ಮೂಲ. ಕ್ರಿ.ಪೂ. 46ರಲ್ಲಿ ಜೂಲಿಯಸ್ ಸೀಸರ್ ಅಲೆಕ್ಸಾಂಡ್ರಿಯದ ಖಗೋಳಜ್ಞ ಸೊಸಿಜಿನಿಸನ ಸಲಹೆ ಪಡೆದು ರೋಮಿನ ಕಾಲಗಣನೆಯನ್ನು ತಿದ್ದಿದ. ಋತುಗಳಿಂದ ದೂರ ಸರಿದಿದ್ದ ತಿಂಗಳುಗಳನ್ನು ಸ್ವಸ್ಥಾನಕ್ಕೆ ತರಲು ಆ ಒಂದು ವರ್ಷವನ್ನು 445 ದಿನಗಳಿಗೆ ಹಿಗ್ಗಿಸಬೇಕಾಯಿತು. ಆ ಮೇಲೆ 365 ದಿನಗಳ ವರ್ಷ, ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಹೆಚ್ಚು ಎಂಬ ಏರ್ಪಾಡು ಜಾರಿಗೆ ಬಂತು. ರೋಮನ್ನರ ಹಳೆಯ ಎಣಿಕೆಯಲ್ಲಿ ವರ್ಷ ತೊಡಗುತ್ತಿದ್ದುದು ಮಾರ್ಚಿನಲ್ಲಿ. ಕೊನೆಯ ತಿಂಗಳಾದ ಫೆಬ್ರುವರಿಯಲ್ಲೇ ಕೂಡಿಸುವ ಕೆಲಸ ನಡೆಯುತ್ತಿತ್ತು. ಆ ವಾಡಿಕೆ ಸೀಸರನಿಗಿಂತಲೂ ಹಿಂದಿನದು. ಆದರೆ ಹೆಚ್ಚಿನ ದಿನ ತಿಂಗಳ ತುದಿಯಲ್ಲಿ ಬರುತ್ತಿರಲಿಲ್ಲ, 24ನೆಯ ದಿನವನ್ನೇ ಎರಡು ಸಲ ಎಣಿಸುತ್ತಿದ್ದರು. ದಿನಗಳನ್ನು ಒಂದರಿಂದ ಸಾಲಾಗಿ ಎಣಿಸುವ ಪದ್ಧತಿ ಯುರೋಪಿನಲ್ಲಿ ಬೇರೂರಿದ ಮೇಲೆಯೇ 29ಕ್ಕೆ ಜಾಗ ಸಿಕ್ಕಿತು.

ಸೀಸರನ ಲೆಕ್ಕದಲ್ಲಿ ವರ್ಷಕ್ಕೆ 11 ನಿಮಿಷಗಳಷ್ಟು ಹೆಚ್ಚಳ ಉಳಿದಿತ್ತು. ಅದು ಕೂಡುತ್ತ ಹೋಗಿ 16ನೆಯ ಶತಮಾನದ ಹೊತ್ತಿಗೆ ಹತ್ತು ದಿನಗಳ ವ್ಯತ್ಯಾಸವಾಯಿತು. 1582ರಲ್ಲಿ ಪೋಪ್ 13ನೆಯ ಗ್ರೆಗೊರಿ ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಸಾರಿದ. 400ರಿಂದ ಭಾಗವಾಗದ ಶತಮಾನ ವರ್ಷಗಳಲ್ಲಿ ಫೆಬ್ರುವರಿ 29 ಬೇಡವೆಂದೂ ವಿಧಿಸಿದ. ಆದ್ದರಿಂದ 1700, 1800, 1900ರಲ್ಲಿ ಈ ದಿನವಿಲ್ಲ, 2000ದಲ್ಲಿ ಉಂಟು. ಬ್ರಿಟನ್ನೂ ಅದರ ವಸಾಹತುಗಳೂ ಈ ತಿದ್ದುಪಡಿಯನ್ನು ಒಪ್ಪಿದ್ದು 1752ರಲ್ಲಿ. ಹಂತಹಂತವಾಗಿ ಬದಲಾಗುತ್ತೇವೆಂದು 1700ರಲ್ಲಿ ಹೊರಟ ಸ್ವೀಡನ್ ನಡುದಾರಿಯಲ್ಲಿ ತಪ್ಪಿ, ಹಳೆಯ ಲೆಕ್ಕಕ್ಕೆ ಹಿಂತಿರುಗಲು 1712ರಲ್ಲಿ ಫೆಬ್ರುವರಿ 30 ಎಂಬ ದಿನವನ್ನೇ ಆಚರಿಸಬೇಕಾಯಿತು.

ನಮ್ಮ ಚಾಂದ್ರಮಾನ ಪಂಚಾಂಗ ಇದೇ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಗೆಹರಿಸುತ್ತದೆ. 354 ದಿನಗಳ ಚಾಂದ್ರ ವರ್ಷ ಸೌರ ವರ್ಷಕ್ಕೆ ಹೊಂದಲು ಸುಮಾರು 32–33 ತಿಂಗಳಿಗೊಮ್ಮೆ ಇಡೀ ಅಧಿಕ ಮಾಸವನ್ನೇ ಸೇರಿಸಲಾಗುತ್ತದೆ. ಮೇಘನಾದ ಸಹಾ ಅಧ್ಯಕ್ಷತೆಯ ಸಮಿತಿ ರೂಪಿಸಿದ, 1957ರ ಮಾರ್ಚ್ 22ರಂದು ಜಾರಿಗೆ ಬಂದ ರಾಷ್ಟ್ರೀಯ ಶಕ ಪಂಚಾಂಗದಲ್ಲಿ ಹೆಚ್ಚಿನ ದಿನ ಸೇರುವುದು ಚೈತ್ರಕ್ಕೆ.

ಈ ದಿನದ ಹಳೆಯ ಘಟನೆಗಳಲ್ಲಿ ಪ್ರಸಿದ್ಧವಾದುದು 1504ರದು. ಹಡಗುಗಳು ಹಾಳಾಗಿ ಜಮೈಕಾದ ಕರಾವಳಿಯಲ್ಲಿ ಸಿಕ್ಕಿಬಿದ್ದಿದ್ದ ಕ್ರಿಸ್ಟೋಫರ್ ಕೊಲಂಬಸನ ತಂಡಕ್ಕೆ ಅಲ್ಲಿನ ಮೂಲನಿವಾಸಿಗಳು ತಿಂಗಳುಗಟ್ಟಲೆ ಆಹಾರ ಕೊಟ್ಟು, ಕೊನೆಗೆ ನಿಲ್ಲಿಸಿದ್ದರು. ಜರ್ಮನ್ ಖಗೋಳಜ್ಞ ರೆಗಿಯೊಮೊಂಟಾನಸನ ಕೋಷ್ಟಕಗಳಿಂದ ಅಂದು ಚಂದ್ರಗ್ರಹಣವೆಂದು ತಿಳಿದಿದ್ದ ಕೊಲಂಬಸ್, ದೇವರ ಕೋಪದಿಂದ ಚಂದ್ರ ಮರೆಯಾಗುತ್ತಾನೆಂದು ಅವರನ್ನು ಬೆದರಿಸಿ ಆಹಾರ ಪಡೆದ. ಮಕ್ಕಳ ಪುಸ್ತಕಗಳಲ್ಲಿ ಇದು ಜಾಣತನದ ಕತೆಯಾಗಿ ಬರುತ್ತದೆ. ಅನ್ನವಿಟ್ಟವರನ್ನು ವಿದ್ಯೆಯ ಬಲದಿಂದ ವಂಚಿಸಿದ ಕತೆಯೆಂದು ಓದುವುದೇ ಹೆಚ್ಚು ನ್ಯಾಯ. 1692ರ ಇದೇ ದಿನ ಮ್ಯಾಸಚೂಸೆಟ್ಸಿನ ಸೇಲಂನಲ್ಲಿ ಮಾಟಗಾತಿಯರೆಂಬ ಆರೋಪದ ಮೇಲೆ ಸಾರಾ ಗುಡ್, ಸಾರಾ ಆಸ್ಬೋರ್ನ್ ಮತ್ತು ಗುಲಾಮಳಾಗಿದ್ದ ಟಿಟುಬಾ ಇವರನ್ನು ಬಂಧಿಸಲು ಆಜ್ಞೆ ಹೊರಟಿತು. ಅಲ್ಲಿಂದ ಮೊದಲಾದ ವಿಚಾರಣೆಗಳು 19 ಮಂದಿಯನ್ನು ಗಲ್ಲಿಗೇರಿಸಿದವು.

ಇಟಲಿಯ ಸಂಗೀತ ರಚನಕಾರ ರೊಸ್ಸೀನಿ ಹುಟ್ಟಿದ್ದು 1792ರ ಫೆಬ್ರುವರಿ 29ರಂದು. 76 ವರ್ಷ ಬದುಕಿದ ಆತನಿಗೆ ದಕ್ಕಿದ್ದು 18 ಹುಟ್ಟುಹಬ್ಬ. ಕೊನೆಯದು 1868ರಲ್ಲಿ, ಅದೇ ದಿನ ಬವೇರಿಯದ ಮಾಜಿ ದೊರೆ ಒಂದನೆಯ ಲುಡ್ವಿಗ್ ತೀರಿಕೊಂಡ. 1860ರಲ್ಲಿ ಹುಟ್ಟಿದ ಅಮೆರಿಕದ ಹರ್ಮನ್ ಹಾಲರಿತ್ ನಮ್ಮ ಕಾಲಕ್ಕೆ ಹೆಚ್ಚು ಹತ್ತಿರದವನು. ಆತನ ರಂಧ್ರಪತ್ರ ಯಂತ್ರಗಳು ಅಮೆರಿಕದ 1890ರ ಜನಗಣತಿಯ ಲೆಕ್ಕವನ್ನು ಹಿಂದಿನದಕ್ಕಿಂತ ಬಹುಬೇಗ ಮುಗಿಸಿದವು. ಆತನ ಕಂಪನಿ 1911ರಲ್ಲಿ ಬೇರೆ ಕಂಪನಿಗಳೊಡನೆ ಕೂಡಿ, 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. ಲೆಕ್ಕದ ಯಂತ್ರಗಳಿಗೆ ಈ ದಿನ ತೊಡಕಾಗುತ್ತಲೇ ಬಂದಿದೆ. ಲೋಟಸ್ 1-2-3 ತಂತ್ರಾಂಶದಲ್ಲಿದ್ದ ತಪ್ಪನ್ನು ಹೊಂದಾಣಿಕೆಗಾಗಿ ಹಾಗೆಯೇ ಉಳಿಸಿಕೊಂಡ ಎಕ್ಸೆಲ್, ಚರಿತ್ರೆಯಲ್ಲಿ ಇಲ್ಲವೇ ಇಲ್ಲದ 1900ರ ಫೆಬ್ರುವರಿ 29ನ್ನು ಇಂದಿಗೂ ಎಣಿಸುತ್ತದೆ.

ಮೊರಾರ್ಜಿ ದೇಸಾಯಿ ಹುಟ್ಟಿದ್ದು 1896ರಲ್ಲಿ, ಗುಜರಾತಿನ ಭದೇಲಿಯಲ್ಲಿ. 1900 ಅಧಿಕ ವರ್ಷವಲ್ಲದ್ದರಿಂದ ಅವರ ಮೊದಲ ನಿಜವಾದ ಹುಟ್ಟುಹಬ್ಬ ಬಂದದ್ದು ಎಂಟು ವರ್ಷ ತುಂಬಿದಾಗ, 1904ರ ಫೆಬ್ರುವರಿ 29ರಂದು. ಅದೇ ದಿನ ಮದುರೆಯಲ್ಲಿ ರುಕ್ಮಿಣಿದೇವಿ ಹುಟ್ಟಿದರು. ಸರ್ಕಾರಿ ನೌಕರಿ ಬಿಟ್ಟು 1930ರಲ್ಲಿ ಸ್ವಾತಂತ್ರ್ಯ ಹೋರಾಟಕ್ಕೆ ಬಂದ ದೇಸಾಯಿಯವರಿಗೆ ಕರ್ನಾಟಕದ ನಂಟು ಉದ್ದಕ್ಕೂ ಇತ್ತು. 1952ರಿಂದ 1956ರವರೆಗೆ ಅವರು ಮುಂಬಯಿ ರಾಜ್ಯದ ಮುಖ್ಯಮಂತ್ರಿಯಾಗಿದ್ದಾಗ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಸೀಮೆಗಳು ಆ ರಾಜ್ಯದಲ್ಲಿದ್ದವು. 1969ರಲ್ಲಿ ಕಾಂಗ್ರೆಸ್ ಒಡೆದಾಗ ಅವರು ನಿಂತದ್ದು ಎಸ್. ನಿಜಲಿಂಗಪ್ಪನವರ ಪಾಳಯದಲ್ಲಿ. 1977ರ ಮಾರ್ಚ್ 24ರಂದು, 81ನೆಯ ವಯಸ್ಸಿನಲ್ಲಿ ಅವರು ದೇಶದ ಮೊದಲ ಕಾಂಗ್ರೆಸ್ಸೇತರ ಪ್ರಧಾನಿಯಾದಾಗ ಪ್ರಮಾಣವಚನ ಬೋಧಿಸಿದವರು ಹಂಗಾಮಿ ರಾಷ್ಟ್ರಪತಿ ಬಿ.ಡಿ. ಜತ್ತಿ. ಜಮಖಂಡಿ ಸೀಮೆಯ ಜತ್ತಿಯವರು ಹಿಂದೆ ಮುಂಬಯಿಯಲ್ಲಿ ದೇಸಾಯಿಯವರ ಸರ್ಕಾರದಲ್ಲೇ ಉಪಸಚಿವರಾಗಿದ್ದವರು. ಇಂದು ಕರ್ನಾಟಕದ ಹಳ್ಳಿ ಮಕ್ಕಳಿಗೆ ಈ ಹೆಸರು ಪರಿಚಿತವಾಗಿರುವುದು ಆರರಿಂದ ಹತ್ತನೆಯ ತರಗತಿವರೆಗಿನ ಸರ್ಕಾರಿ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಂದ. ಓದಲು ಅನುಕೂಲವಿಲ್ಲದ ಎಷ್ಟೋ ಮನೆಗಳ ಮಕ್ಕಳನ್ನು ದಡ ಸೇರಿಸಿದ ಈ ಶಾಲೆಗಳಿಗಿಂತ ದೊಡ್ಡ ಸ್ಮಾರಕ ಆ ಹೆಸರಿಗೆ ಬೇರೊಂದಿಲ್ಲ.

ರುಕ್ಮಿಣಿದೇವಿಯವರು 16ನೆಯ ವಯಸ್ಸಿನಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಜಾರ್ಜ್ ಅರುಂಡೇಲರನ್ನು ಮದುವೆಯಾದಾಗ ಸಂಪ್ರದಾಯಸ್ಥರು ಸಿಡಿದೆದ್ದಿದ್ದರು. ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೈ ಅವರಲ್ಲಿ ನೃತ್ಯ ಕಲಿತು 1935ರಲ್ಲಿ ಅಡ್ಯಾರಿನ ವೇದಿಕೆ ಏರಿದರು. ಮರುವರ್ಷ ಕಲಾಕ್ಷೇತ್ರವೆಂಬ ಕಲಾಶಾಲೆ ಕಟ್ಟಿದರು. ದೇವದಾಸಿಯರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಕಲೆಯಿಂದ ಶೃಂಗಾರವನ್ನು ಮೊಟಕುಗೊಳಿಸಿದರೆಂದು ಟಿ. ಬಾಲಸರಸ್ವತಿಯವರಂಥ ಮಹಾನ್ ಕಲಾವಿದೆ ಆಕ್ಷೇಪಿಸಿದ್ದರು. ಆ ಆಕ್ಷೇಪದ ತೂಕವನ್ನು ಕಡೆಗಣಿಸಿ ಭರತನಾಟ್ಯದ ಚರಿತ್ರೆ ಬರೆಯಲಾಗದು. 1952ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡ ಅವರು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯಲು ಖಾಸಗಿ ಮಸೂದೆ ತಂದರು. ಸರ್ಕಾರವೇ ಕಾಯ್ದೆ ಮಾಡುವುದಾಗಿ ನೆಹರೂ ಮಾತುಕೊಟ್ಟ ಮೇಲೆ ಅದನ್ನು ಹಿಂಪಡೆದರು. 1960ರ ಕಾಯ್ದೆ ಅದರ ಫಲ. 1977ರಲ್ಲಿ ರಾಷ್ಟ್ರಪತಿ ಸ್ಥಾನಕ್ಕೆ ಅಭ್ಯರ್ಥಿಯಾಗುವಂತೆ ಪ್ರಧಾನಿ ದೇಸಾಯಿಯವರು ಅವರನ್ನೇ ಕೇಳಿದರು. ರುಕ್ಮಿಣಿದೇವಿ ಒಲ್ಲೆನೆಂದರು, ನೀಲಂ ಸಂಜೀವ ರೆಡ್ಡಿ ಅವಿರೋಧವಾಗಿ ಆಯ್ಕೆಯಾದರು. ಮಹಿಳೆಯೊಬ್ಬರು ಆ ಸ್ಥಾನಕ್ಕೇರಲು ದೇಶ ಮತ್ತೆ 30 ವರ್ಷ ಕಾಯಬೇಕಾಯಿತು. ರುಕ್ಮಿಣಿದೇವಿ 1986ರ ಫೆಬ್ರುವರಿ 24ರಂದು ನಿಧನರಾದರು. ದೇಸಾಯಿಯವರು 1995ರ ಏಪ್ರಿಲ್ 10ರಂದು ತೀರಿಕೊಂಡಾಗ ನೂರು ತುಂಬಲು ಒಂದು ವರ್ಷವೂ ಉಳಿದಿರಲಿಲ್ಲ.

ಕೇಂದ್ರ ಬಜೆಟ್ಟನ್ನು ಫೆಬ್ರುವರಿಯ ಕೊನೆಯ ಕೆಲಸದ ದಿನ ಮಂಡಿಸುವ ರೂಢಿ ಇದ್ದುದರಿಂದ ಭಾರತದ ಆರ್ಥಿಕ ಚರಿತ್ರೆಯಲ್ಲೂ ಈ ದಿನಕ್ಕೆ ಜಾಗವಿದೆ. ಹಣಕಾಸು ಸಚಿವರಾಗಿ ಹತ್ತು ಬಜೆಟ್ ಮಂಡಿಸಿದ ದೇಸಾಯಿಯವರು 1968ರಲ್ಲಿ ಹುಟ್ಟುಹಬ್ಬದಂದೇ ಬಜೆಟ್ ಓದಿದರು. 2008ರ ಫೆಬ್ರುವರಿ 29ರಂದು ಪಿ. ಚಿದಂಬರಂ ಸುಮಾರು 60,000 ಕೋಟಿ ರೂಪಾಯಿಗಳ ರೈತರ ಸಾಲ ಮನ್ನಾ ಘೋಷಿಸಿದರು. 2016ರಲ್ಲಿ ಅರುಣ್ ಜೇಟ್ಲಿ ಮಂಡಿಸಿದ್ದೇ ಈ ದಿನದ ಕೊನೆಯ ಬಜೆಟ್. ಮರುವರ್ಷದಿಂದ ಅದು ಫೆಬ್ರುವರಿ 1ಕ್ಕೆ ಬಂತು.

ಇಪ್ಪತ್ತನೆಯ ಶತಮಾನದ ಜಗತ್ತಿಗೆ ಬಂದರೆ, 1940ರಲ್ಲಿ 'ಗಾನ್ ವಿತ್ ದ ವಿಂಡ್' ಚಿತ್ರದ ಪಾತ್ರಕ್ಕಾಗಿ ಹ್ಯಾಟಿ ಮೆಕ್‌ಡೇನಿಯಲ್ ಆಸ್ಕರ್ ಪಡೆದ ಮೊದಲ ಆಫ್ರಿಕನ್-ಅಮೆರಿಕನ್ ಆದರು. ಪ್ರಶಸ್ತಿ ಕೊಟ್ಟ ಸಭೆಯಲ್ಲೇ ಅವರನ್ನು ಚಿತ್ರತಂಡದಿಂದ ಬೇರೆಯಾಗಿ ಕೂರಿಸಿದ್ದರು. 1960ರಲ್ಲಿ, ರಂಜಾನ್ ತಿಂಗಳ ಒಂದು ನಡುರಾತ್ರಿಯ ಹೊತ್ತಿಗೆ ಮೊರಾಕ್ಕೊದ ಅಗದೀರ್ ನಗರ ಭೂಕಂಪದಿಂದ ನೆಲಸಮವಾಗಿ ಕನಿಷ್ಠ 12,000 ಮಂದಿ ಸತ್ತರು. ತೀವ್ರತೆ 6ಕ್ಕಿಂತ ಕಡಿಮೆಯೇ ಇತ್ತು. ಕೇಂದ್ರ ಊರಿನ ಬುಡದಲ್ಲೇ ಇದ್ದುದು, ದುರ್ಬಲ ಕಲ್ಲುಕಟ್ಟಡಗಳು ಅಷ್ಟು ಜನರ ಸಾವಿಗೆ ಕಾರಣ. 1996ರಲ್ಲಿ ಸರಯೇವೊ ನಗರದ ಮುತ್ತಿಗೆ ಅಧಿಕೃತವಾಗಿ ಕೊನೆಗೊಂಡಿತು. 2020ರಲ್ಲಿ ಅಮೆರಿಕ ಮತ್ತು ತಾಲಿಬಾನ್ ದೋಹಾದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಮರುವರ್ಷ ಆಗಸ್ಟಿನಲ್ಲಿ ಕಾಬೂಲ್ ತಾಲಿಬಾನಿನ ಕೈಸೇರಿತು.

ಅಪರೂಪದ ದಿನವೆಂಬ ಕಾರಣಕ್ಕೇ 2008ರ ಫೆಬ್ರುವರಿ 29ರಂದು ಯುರೋಪಿನಲ್ಲಿ ಮೊದಲ ಅಪರೂಪದ ಕಾಯಿಲೆಗಳ ದಿನ ನಡೆಯಿತು. ಉಳಿದ ವರ್ಷಗಳಲ್ಲಿ ಅದು 28ರಂದು. ಭಾರತ 2021ರಲ್ಲಿ ಇಂಥ ಕಾಯಿಲೆಗಳಿಗಾಗಿ ರಾಷ್ಟ್ರೀಯ ನೀತಿ ತಂದಿತು. ಫ್ರಾನ್ಸಿನಲ್ಲಿ 1980ರಿಂದ ಈ ದಿನ ಮಾತ್ರ ಹೊರಬರುವ ಪತ್ರಿಕೆಯೊಂದಿದೆ, ಹೆಸರು 'ಲಾ ಬೂಜಿ ದು ಸಪರ್'. ಮುಂದಿನ ಫೆಬ್ರುವರಿ 29 ಬರುವುದು 2028ರಲ್ಲಿ. 2100 ಅಧಿಕ ವರ್ಷವಲ್ಲ. ಆದ್ದರಿಂದ 2096ರ ನಂತರ ಈ ದಿನ ಮತ್ತೆ ಬರುವುದು 2104ರಲ್ಲಿ.