ಮೊದಲು ಯಾವ ಪುಸ್ತಕ?

ವರದಾ ನದಿಯು ತುಂಗಭದ್ರೆಯನ್ನು ಕೂಡುವ ಎಡೆಯಲ್ಲಿ ಗಳಗನಾಥವೆಂಬ ಊರಿದೆ. ಹಾವೇರಿ ಸೀಮೆಯ ಈ ಊರಿಗೆ ಹೋದವರು ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವನ್ನು ನೋಡಿ, ಸಂಗಮದಲ್ಲಿ ಕಾಲು ತೊಳೆದು ಹಿಂದಿರುಗುತ್ತಾರೆ. ಊರಿನ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡ ವೆಂಕಟೇಶ ತಿರಕೋ ಕುಲಕರ್ಣಿಯವರು ಅವರಲ್ಲಿ ಎಷ್ಟು ಜನರಿಗೆ ನೆನಪಾಗುವರೋ ಹೇಳಲಾರೆ. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ಈ ಮಹನೀಯರು ಕನ್ನಡಕ್ಕೆ ಕಾದಂಬರಿಗಳನ್ನಷ್ಟೇ ಅಲ್ಲ, ಕಾದಂಬರಿಯನ್ನು ಓದುವವರನ್ನೂ ಕೊಟ್ಟರು. ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರೆಂಬ ಮಾತು ನಮ್ಮ ಕಡೆ ಇಂದಿಗೂ ಕೇಳಿಬರುತ್ತದೆ. ಅಗಡಿಯ ಆನಂದವನದಿಂದ ಹೊರಡುತ್ತಿದ್ದ 'ಸದ್ಬೋಧ ಚಂದ್ರಿಕೆ'ಯ ಸಂಪಾದಕರಾಗಿ ಅವರು ಓದುಗರನ್ನು ಕೂಡಿಸಿದ ಬಗೆಯೂ ಅದೇ: ಮನೆಬಾಗಿಲಿಗೆ ಹೋಗಿ ಎಬ್ಬಿಸುವುದು.

ಓದುಗರು ಹೆಚ್ಚಿದಲ್ಲಿ ಜಗಳವೂ ಹುಟ್ಟುತ್ತದೆ. ಯುದ್ಧ, ಕೋಟೆ, ದಳವಾಯಿಗಳ ಕಥೆಯನ್ನು ಒಂದರ ಹಿಂದೆ ಒಂದರಂತೆ ಓದುವವರಲ್ಲಿ ಒಂದು ಹಳೆಯ ಜಗಳವುಂಟು: ಲೇಖಕನು ಬರೆದ ಕ್ರಮದಲ್ಲಿ ಓದಬೇಕೋ, ಕಥೆ ನಡೆದ ಕಾಲದ ಕ್ರಮದಲ್ಲಿ ಓದಬೇಕೋ? ಇಂಗ್ಲಿಷಿನಲ್ಲಿ ನಕ್ಷತ್ರಲೋಕದ ಸೈನ್ಯಗಳ ಕಥೆಗಳನ್ನು ಓದುವ ಇಂದಿನ ಹುಡುಗರು ಇದನ್ನೇ ಗಂಟೆಗಟ್ಟಲೆ ಚರ್ಚಿಸುತ್ತಾರೆ. ಲೋಯಿಸ್ ಮ್ಯಾಕ್‌ಮಾಸ್ಟರ್ ಬುಜೋಲ್ಡ್ ಎಂಬ ಅಮೆರಿಕದ ಲೇಖಕಿಯು ತನ್ನ ಮಾಲೆಯ ಮೊದಲ ಪುಸ್ತಕವನ್ನು 1986ರಲ್ಲಿ ಪ್ರಕಟಿಸಿ, ಅದಕ್ಕಿಂತ ಸುಮಾರು ಇನ್ನೂರು ವರ್ಷ ಹಿಂದೆ ನಡೆಯುವ ಕಥೆಯನ್ನು 1988ರಲ್ಲಿ ಹೊರತಂದಳು. ಯಾವುದು ಮೊದಲು? ಸ್ಕಾಟನೂ ಹೀಗೆಯೇ 1814ರಲ್ಲಿ 1745ರ ದಂಗೆಯ ಕಥೆ ಬರೆದು, ಕೆಲವೇ ವರ್ಷಗಳಲ್ಲಿ ಹನ್ನೆರಡನೆಯ ಶತಮಾನದ 'ಐವನ್‌ಹೋ'ಗೆ ಹಾರಿದವನು. ಆದರೆ ಅವನ ಕಥೆಗಳು ಒಂದಕ್ಕೊಂದು ಗಂಟುಬಿದ್ದವಲ್ಲ. ಆದ್ದರಿಂದ ಅಲ್ಲಿ ಜಗಳವಿಲ್ಲ.

ನಮ್ಮಲ್ಲಿ ಈ ಪ್ರಶ್ನೆಗೆ ಬೇರೊಂದು ಭಾರವಿದೆ. ನಕ್ಷತ್ರಲೋಕದ ಸೇನಾಪತಿ ಸೋತರೆ ಯಾರ ಮನೆಯ ದೀಪವೂ ಆರುವುದಿಲ್ಲ. ವಿಜಯನಗರವು ಬಿದ್ದ ಕಥೆಯನ್ನು ಮೊದಲು ಓದಿದ ಹುಡುಗನೂ, ಅದು ಎದ್ದ ಕಥೆಯನ್ನು ಮೊದಲು ಓದಿದ ಹುಡುಗನೂ ನಾಡಿನ ಬಗೆಗೆ ಎರಡು ಬೇರೆ ಅಭಿಪ್ರಾಯಗಳನ್ನು ಕಟ್ಟಿಕೊಂಡು ಬೆಳೆಯುತ್ತಾರೆ. ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಇತಿಹಾಸವು ಬಹುಮಟ್ಟಿಗೆ ಕಾದಂಬರಿಯ ಮೂಲಕವೇ ಒಳಗೆ ಬಂದದ್ದು. ಶಾಸನಸಂಪುಟಗಳನ್ನು ತರಿಸಿ ಓದಿದವರು ಎಷ್ಟು ಮಂದಿ?

ಗಳಗನಾಥರ ಎರಡು ಪುಸ್ತಕಗಳನ್ನು ತೆಗೆದುಕೊಳ್ಳಿ. 'ಮಾಧವ ಕರುಣಾವಿಲಾಸ', 1923ರದು, ವಿಜಯನಗರದ ಸ್ಥಾಪನೆಯ ಕಥೆ. ಅದು ಅವರ ಸ್ವತಂತ್ರ ಕೃತಿ. 'ಕನ್ನಡಿಗರ ಕರ್ಮಕಥೆ' ಆ ಸಾಮ್ರಾಜ್ಯದ ಪತನದ ಕಥೆ. ಇದು ಹರಿ ನಾರಾಯಣ ಆಪಟೆಯವರ ಮರಾಠಿ 'ವಜ್ರಾಘಾತ'ದಿಂದ ಬಂದದ್ದು. ರಾಣೆಬೆನ್ನೂರಿನ ನನ್ನ ಹಿರಿಯ ಗೆಳೆಯರೊಬ್ಬರು ಈ ವಿಷಯದಲ್ಲಿ ಹಟವಾದಿಗಳು. "ಹುಟ್ಟು ಮೊದಲು, ಸಾವು ಆಮ್ಯಾಲೆ. ಇದಕ್ಕ ಚರ್ಚಾ ಏನ್ರೀ?" ಎಂಬುದು ಅವರ ವಾದ. ಬ್ಯಾಡಗಿಯ ಇನ್ನೊಬ್ಬರು, ವೃತ್ತಿಯಿಂದ ಮೆಣಸಿನಕಾಯಿ ವ್ಯಾಪಾರಿಗಳು, ಅದಕ್ಕೆ ಒಪ್ಪುವುದಿಲ್ಲ. "ಹಾಳು ಹಂಪಿ ನೋಡಿದ ಮ್ಯಾಲೇ ಅಲ್ಲೇನ್ರಿ ಅದನ್ನ ಕಟ್ಟಿದವ್ರು ಯಾರು ಅಂತ ಕೇಳೋದು?" ಎನ್ನುತ್ತಾರೆ. ನಾನು ವ್ಯಾಪಾರಿಗಳ ಪಕ್ಷದವನು.

ಕಾರಣವನ್ನು ಹೇಳಬೇಕು. ಆಗ ಮುಂಬಯಿ ಇಲಾಖೆಗೆ ಸೇರಿದ್ದ ನಮ್ಮ ಭಾಗದಲ್ಲಿ ಓದು ಬಲ್ಲವರ ಮೇಲೆ ಮರಾಠಿಯ ನೆರಳು ದಟ್ಟವಾಗಿತ್ತು. ಶಿವಾಜಿಯ ಕಾಲದ ಕೋಟೆಗಳೂ ಕಣಿವೆಗಳೂ ಮರಾಠಿ ಕಾದಂಬರಿಗಳ ಮೂಲಕ ನಮ್ಮವರಿಗೆ ತಮ್ಮ ಹಿತ್ತಿಲಿನಷ್ಟು ಪರಿಚಿತವಾಗಿದ್ದವು. ಹಂಪಿ ಮಾತ್ರ ಪರಸ್ಥಳ. ಸೀವೆಲ್ ಸಾಹೇಬರು ವಿಜಯನಗರವನ್ನು ಮರೆತುಹೋದ ಸಾಮ್ರಾಜ್ಯವೆಂದು ಕರೆದು ಗ್ರಂಥ ಬರೆದದ್ದು 1900ರಲ್ಲಿ. ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ' ಬಂದದ್ದು 1917ರಲ್ಲಿ. ಇಂಥ ಕಾಲದಲ್ಲಿ ಆಪಟೆಯವರ ಕಥೆಯನ್ನು ಕನ್ನಡಕ್ಕೆ ತರುವುದೆಂದರೆ ಬೇರೆಯವರು ಕಟ್ಟಿದ ಮನೆಯಲ್ಲಿ ನಮ್ಮ ದೇವರನ್ನು ಪ್ರತಿಷ್ಠೆ ಮಾಡಿದಂತೆ. 'ಮಾಧವ ಕರುಣಾವಿಲಾಸ'ದಲ್ಲಿ ಗಳಗನಾಥರಿಗೆ ಆ ಅನುಕೂಲವಿರಲಿಲ್ಲ. ಬೀದಿ, ದರಬಾರು, ದಂಡಿನ ಬಿಡಾರ, ಮಾತಿನ ಧಾಟಿ ಎಲ್ಲವನ್ನೂ ಅವರೇ ನಿಲ್ಲಿಸಬೇಕಾಯಿತು. ಎರವಲು ಮನೆಯನ್ನು ಮೊದಲು ನೋಡಿದ ಓದುಗನಿಗೆ ಸ್ವಂತ ಮನೆಯ ಬೆಲೆ ತಿಳಿಯುತ್ತದೆ.

ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಎದ್ದ ಕಥೆಯನ್ನು ಮೊದಲು ಓದಿ ಬಿದ್ದ ಕಥೆಯಲ್ಲಿ ಮುಗಿಸಿದವನಿಗೆ ಕೊನೆಗೆ ಉಳಿಯುವುದು ಸಿಟ್ಟು. ಆ ಸಿಟ್ಟಿಗೆ ಒಬ್ಬ ಶತ್ರು ಬೇಕು. ಶತ್ರು ಸುಲಭವಾಗಿ ಸಿಕ್ಕಿಬಿಡುತ್ತಾನೆ. ಆದರೆ 1565ರ ಜನವರಿಯ ರಕ್ಕಸ-ತಂಗಡಗಿಯ ಯುದ್ಧ ಅಷ್ಟು ಸರಳವಾದುದಲ್ಲ. ರಾಮರಾಯನು ಅನೇಕ ವರ್ಷ ಸುಲ್ತಾನರಲ್ಲಿ ಒಬ್ಬನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟಿ, ಅವರ ಜಗಳಗಳಲ್ಲಿ ಪಾಲುಗಾರನಾಗಿದ್ದನು. ಬಿಜಾಪುರದ ಅಲಿ ಆದಿಲಶಾಹನು ಒಂದು ಕಾಲಕ್ಕೆ ಅವನ ಮಿತ್ರನೇ. ವಿಜಯನಗರದ ಸೈನ್ಯದಲ್ಲಿ ಮುಸಲ್ಮಾನ ಸರದಾರರಿದ್ದರು, ಸುಲ್ತಾನರ ಸೈನ್ಯದಲ್ಲಿ ಮರಾಠಾ ರಾವುತರಿದ್ದರು. ಕಾದಂಬರಿಯು ಈ ರಾಜಕಾರಣದ ಗೋಜಲನ್ನು ಒಂದು ಪ್ರೇಮ, ಒಂದು ದ್ರೋಹ, ಒಂದು ಸೇಡು ಎಂದು ಬಿಗಿಯಾಗಿ ಹೆಣೆಯುತ್ತದೆ. ಕಾದಂಬರಿಯ ಧರ್ಮವೇ ಅದು. ಅದನ್ನೇ ಚರಿತ್ರೆಯೆಂದು ಎದೆಗೆ ಅಪ್ಪಿಕೊಂಡರೆ ಮಾತ್ರ ಕೇಡು.

ಇಲ್ಲಿ ಗಳಗನಾಥರು ಕೊಟ್ಟ ಹೆಸರನ್ನು ಗಮನಿಸಬೇಕು. ಮರಾಠಿಯ ಹೆಸರು 'ವಜ್ರಾಘಾತ', ಅಂದರೆ ಸಿಡಿಲಿನ ಹೊಡೆತ. ಸಿಡಿಲು ಮೇಲಿನಿಂದ ಬೀಳುತ್ತದೆ. ಬಿದ್ದವನ ತಪ್ಪೇನೂ ಇರಬೇಕಾಗಿಲ್ಲ. ಕನ್ನಡದಲ್ಲಿ ಅದು 'ಕರ್ಮಕಥೆ'ಯಾಯಿತು. ಕರ್ಮವೆಂದರೆ ನಾವು ಮಾಡಿದ್ದು, ನಾವೇ ಉಣ್ಣಬೇಕಾದದ್ದು. ಒಂದು ಶೀರ್ಷಿಕೆಯನ್ನು ಬದಲಿಸಿ ದೂರನ್ನು ಹೊರಗಿನಿಂದ ಒಳಕ್ಕೆ ತಿರುಗಿಸಿದ ಈ ಜಾಣ್ಮೆಗೆ ನಮ್ಮ ವಿಮರ್ಶಕರು ಸಾಕಷ್ಟು ಬೆಲೆ ಕೊಟ್ಟಿಲ್ಲವೆಂದು ನನ್ನ ಭಾವನೆ. ಈ ಪುಸ್ತಕವನ್ನು ಮೊದಲು ಮುಗಿಸಿ, "ಹಾಗಾದರೆ ಕಟ್ಟಿದವರು ಹೇಗಿದ್ದರು?" ಎಂದು ಕೇಳುತ್ತ 'ಮಾಧವ ಕರುಣಾವಿಲಾಸ'ಕ್ಕೆ ಹೋದರೆ ಸಿಟ್ಟಿನ ಬದಲು ಕುತೂಹಲ ಹುಟ್ಟುತ್ತದೆ.

ಕುತೂಹಲಕ್ಕೂ ಒಂದು ಅಪಾಯವಿದೆಯೆನ್ನಿ. ವಿದ್ಯಾರಣ್ಯರು ಹಕ್ಕ-ಬುಕ್ಕರಿಂದ ರಾಜ್ಯವನ್ನು ಸ್ಥಾಪಿಸಿದ ಕಥೆಯನ್ನು ನಾವೆಲ್ಲ ಬಾಲ್ಯದಿಂದ ಕೇಳಿದವರು. ಫಾದರ್ ಹೆರಾಸರು 1929ರಲ್ಲಿ, ಈ ಕಥೆಗೆ ಆಧಾರವಾದ ತಾಮ್ರಪಟಗಳು ಮುಂದಿನ ಕಾಲದಲ್ಲಿ ಸೃಷ್ಟಿಯಾದವೆಂದು ವಾದ ಹೂಡಿದರು. ವಿದ್ವಾಂಸರ ಚರ್ಚೆ ಅಂದಿನಿಂದ ನಿಂತಿಲ್ಲ. ಮಾಧವನೆಂಬ ಹೆಸರಿನವರು ಆ ಕಾಲದಲ್ಲಿ ಒಬ್ಬರಿಗಿಂತ ಹೆಚ್ಚು ಇದ್ದುದು ತೊಡಕನ್ನು ಇನ್ನಷ್ಟು ಹೆಚ್ಚಿಸಿದೆ. ಗಳಗನಾಥರ ಪುಸ್ತಕ ಹೆರಾಸರಿಗಿಂತ ಆರು ವರ್ಷ ಮೊದಲಿನದು. ಅಂದಿನ ತಿಳಿವಳಿಕೆಯಿಂದ ಅವರು ಬರೆದರು. ಇಂದಿನ ತಿಳಿವಳಿಕೆಯಿಂದ ನಾವು ಓದಬೇಕು.

ತ.ರಾ.ಸು. ಅವರ ಚಿತ್ರದುರ್ಗದ ಮಾಲೆಗೆ ಬಂದರೆ ಜಗಳ ಇನ್ನೂ ಬಿರುಸು. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಈ ಮೂರು ಒಂದೇ ಕಥೆಯ ಮೂರು ತುಂಡುಗಳು. ಇವುಗಳ ಕ್ರಮವನ್ನು ಕೆಡಿಸುವ ಹಕ್ಕು ಯಾರಿಗೂ ಇಲ್ಲ. ಅನಂತರ 'ಹೊಸಹಗಲು' ಮುಂತಾದವು. ಕೊನೆಗೆ 1982ರಲ್ಲಿ ಬಂದ 'ದುರ್ಗಾಸ್ತಮಾನ', 1779ರಲ್ಲಿ ಹೈದರನಿಗೆ ದುರ್ಗವು ವಶವಾದ ಕಥೆ. ತ.ರಾ.ಸು. 1984ರಲ್ಲಿ ತೀರಿಕೊಂಡರು, ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ 1985ರಲ್ಲಿ ಈ ಪುಸ್ತಕಕ್ಕೆ ಬಂತು. ಆ ಪ್ರಶಸ್ತಿಯ ಪ್ರಭಾವದಿಂದಲೋ ಏನೋ ಇಂದಿನವರು ಬಹುತೇಕ ಕೊನೆಯ ಪುಸ್ತಕದಿಂದಲೇ ಆರಂಭಿಸುತ್ತಾರೆ. ಇಲ್ಲಿ ಮಾತ್ರ ನಾನು ರಾಣೆಬೆನ್ನೂರಿನ ಗೆಳೆಯರ ಪಕ್ಷಕ್ಕೆ ದಾಟುತ್ತೇನೆ. ಅರಮನೆಯ ಒಳಸಂಚು, ದಳವಾಯಿಯ ದರ್ಪ, ನಾಯಕರ ಕೊಲೆಗಳನ್ನು ಮೊದಲು ಓದದವನಿಗೆ ಮದಕರಿಯ ಕಾಲದ ಒಡಕು ಹೊಸದೆಂದು ತೋರುತ್ತದೆ. ಅದು ಹೊಸದಲ್ಲ, ನೂರು ವರ್ಷದ ಹಿಂದೆಯೇ ಗೋಡೆಯೊಳಗೆ ಬಿಟ್ಟ ಬಿರುಕು.

ತ.ರಾ.ಸು. ಅವರಿಗೆ ಲೋಕವನ್ನು ಕಟ್ಟುವ ಶ್ರಮ ಒಂದು ಪಾಲು ಕಡಿಮೆ. ಏಳು ಸುತ್ತಿನ ಕೋಟೆ ಕಣ್ಣೆದುರಿಗೇ ಇದೆ. ಮದ್ದು ಬೀಸುವ ಕಲ್ಲು, ಅಕ್ಕ-ತಂಗಿಯರ ಹೊಂಡ, ಏಕನಾಥೇಶ್ವರಿ, ಓಬವ್ವನ ಕಿಂಡಿ ಇಂದಿಗೂ ಇವೆ. ಪುಸ್ತಕವನ್ನು ಬಗಲಲ್ಲಿ ಹಿಡಿದು ಕೋಟೆ ಹತ್ತುವವರನ್ನು ನಾನೇ ಕಂಡಿದ್ದೇನೆ. ಯಾವ ಬತೇರಿಯ ಮೇಲೆ ಯಾವ ಪಾತ್ರ ನಿಂತಿತ್ತೆಂದು ಅವರು ಬಿಸಿಲಿನಲ್ಲಿ ನಿಂತು ವಾದಿಸುತ್ತಾರೆ. ಗಳಗನಾಥರಿಗೆ ಇದ್ದದ್ದು ಒಂದು ಹೊಳೆ. ಅವರ ಊರಿನ ಸಂಗಮವನ್ನು ದಾಟಿದ ನೀರೇ ಕೆಳಗೆ ಹರಿದು ಹಂಪಿಯ ಬಂಡೆಗಳ ನಡುವೆ ಹಾಯುತ್ತಿತ್ತು. ಈಗ ನಡುವೆ ಹೊಸಪೇಟೆಯ ಅಣೆಕಟ್ಟು ಅದನ್ನು ಸ್ವಲ್ಪ ಕಾಲ ತಡೆದು ಬಿಡುತ್ತದೆ.

ಕಾಲೇಜಿಗೆ ಹೋಗುವ ನಮ್ಮ ನೆರೆಮನೆಯ ಹುಡುಗನು 'ದುರ್ಗಾಸ್ತಮಾನ'ವನ್ನು ಓದಿ ಮುಗಿಸಿ, "ಕಾಕಾ, ಮುಂದಿಂದು ಯಾವ್ದು?" ಎಂದು ಕೇಳುತ್ತ ಬಂದಿದ್ದ. ಮುಂದಿನದು ಇಲ್ಲ, ಹಿಂದಿನವು ಇವೆ ಎಂದು ಹೇಳಿ 'ಕಂಬನಿಯ ಕುಯಿಲು' ಕೊಟ್ಟು ಕಳಿಸಿದೆ. ಈಗ 'ತಿರುಗುಬಾಣ'ದಲ್ಲಿದ್ದಾನೆ. 'ಕರ್ಮಕಥೆ'ಯ ನನ್ನ ಹಳೆಯ ಪ್ರತಿಯ ರಟ್ಟು ಹರಿದಿದೆ. ಅವನ ಸರದಿ ಬರುವುದರೊಳಗೆ ಹೊಲಿಸಿ ಇಡಬೇಕು.